ಅತ್ತೆಯ ಸೀರೆ ಉಟ್ಟು ಹಾಲು ಕರೆದದ್ದು

ನಮ್ಮ ಬೊಳ್ಳಿಯ ಬಗ್ಗೆ ಪುತ್ತೂರಿನಲ್ಲಿ ಒಂದು ಕತೆ ಓಡಾಡುತ್ತಿದೆ. ಪಾರತ್ತೆಗೆ ಜ್ವರ ಬಂದು ಮಲಗಿದಾಗ ಆ ಹಸು ಮೂರು ದಿನ ಹುಲ್ಲು ಮುಟ್ಟಲಿಲ್ಲವಂತೆ, ಹಟ್ಟಿಯಲ್ಲಿ ನಿಂತು ಕಣ್ಣೀರು ಸುರಿಸಿತಂತೆ. ಹೇಳುವವರ ಕಣ್ಣೂ ಅಷ್ಟಕ್ಕೆ ಒದ್ದೆಯಾಗುತ್ತದೆ. ನನಗೆ ಇದರಲ್ಲಿ ಒಂದೇ ಆಕ್ಷೇಪ: ಹೀಗೆ ಹೇಳುವವರಲ್ಲಿ ಒಬ್ಬರೂ ಆ ಮೂರು ದಿನ ನಮ್ಮ ಹಟ್ಟಿಗೆ ಕಾಲಿಟ್ಟವರಲ್ಲ. ನಾನು ಇಟ್ಟಿದ್ದೆ. ಹುಲ್ಲು ಹಾಕಿದವನೇ ನಾನು. ಬೊಳ್ಳಿ ಹುಲ್ಲು ತಿಂದಿತು, ಅಕ್ಕಿ ತೊಳೆದ ನೀರಿನ ಅಕ್ಕಚ್ಚು ಕುಡಿಯಿತು, ಕುಡಿದಾದ ಮೇಲೆ ಬಾಲ್ದಿಯ ತಳದಲ್ಲಿ ನಿಂತ ಹಿಂಡಿಯನ್ನೂ ನೆಕ್ಕಿತು. ಕಣ್ಣೀರು ಎಂದರೆ ಕಣ್ಣಿನ ಮೂಲೆಗೆ ನೊಣ ಕೂತದ್ದು. ಹಾಲು ಕೊಡಲಿಲ್ಲ ಎಂಬುದಷ್ಟೇ ನಿಜ.

ಕತೆ ತಿದ್ದುವುದು ನನ್ನ ಹಳೆಯ ರೋಗ. ಮಂಗಳೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಚರ್ಚಾ ಸ್ಪರ್ಧೆಗಳಿಂದ ಅದು ಉಲ್ಬಣಿಸಿತು. ಪಟ್ಟಣವೇ ಮೇಲು ಎಂದು ವಾದಿಸಿ ಬಹುಮಾನದ ಒಂದು ಕಪ್ಪು ತಂದೆ, ಮರುವರ್ಷ ಹಳ್ಳಿಯೇ ಮೇಲು ಎಂದು ವಾದಿಸಿ ಇನ್ನೊಂದು ತಂದೆ. ಎರಡೂ ಕಪ್ಪುಗಳನ್ನು ಅಮ್ಮ ಅಡಿಗೆಮನೆಯ ಅಟ್ಟದಲ್ಲಿ ಒಂದರೊಳಗೊಂದು ಕವುಚಿ ಇಟ್ಟಿದ್ದಾಳೆ. ಅವು ಜಗಳವಾಡದೆ ಇವೆ.

ಅಪ್ಪನಿಗೆ ಬಸ್ಸು ನಿಲ್ದಾಣದ ಹತ್ತಿರ ಒಂದು ಸಣ್ಣ ಕಾಫಿ ಹೋಟೆಲು. ಹೋಟೆಲಿನ ಹಿಂದೆ ಮನೆ, ಮನೆಯ ಹಿಂದೆ ಹಟ್ಟಿ. ಬೆಳಗಿನ ಮೊದಲ ಬಸ್ಸಿನವರ ಕಾಫಿಗೆ ಬೊಳ್ಳಿಯ ಹಾಲು. ಆ ಹಾಲು ಕರೆಯುವವರು ಪಾರತ್ತೆ, ಅಂದರೆ ಅಪ್ಪನ ತಂಗಿ. ಹತ್ತೊಂಬತ್ತನೇ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಅಂಥವರಿಗೆ ನಮ್ಮಲ್ಲಿ ಇದ್ದ ಏರ್ಪಾಡು ನಿಮಗೂ ಗೊತ್ತಿರಬಹುದು: ಯಾವ ಅಣ್ಣನ ಮನೆಯಲ್ಲಿ ಬಾಣಂತಿಯೋ ಕಾಯಿಲೆಯೋ ಇದೆಯೋ ಆ ಮನೆಗೆ ಹೋಗುವುದು, ಅದು ಮುಗಿದರೆ ಮುಂದಿನ ಮನೆ. ಹಾಗೆ ಕೊಲ್ಲಮೊಗ್ರಿನ ದೊಡ್ಡಪ್ಪನ ಮನೆಯಲ್ಲಿ ನಾಲ್ಕು ವರ್ಷ ಇದ್ದು ಅತ್ತೆ ನಮ್ಮಲ್ಲಿಗೆ ಬಂದರು. ಬಂದವರು ಇಲ್ಲಿಯೇ ಉಳಿದರು. ಉಳಿಸಿದ್ದು ಬೊಳ್ಳಿ.

ಕರುವನ್ನು ಬಿಟ್ಟರೆ ಬೊಳ್ಳಿ ಕರುವಿಗೆ ಹಾಲು ಇಳಿಸುತ್ತಿತ್ತು; ಕರುವನ್ನು ಎಳೆದು ಕಟ್ಟಿ ಅಮ್ಮನೋ ನಾನೋ ಕೈ ಹಾಕಿದ ಕೂಡಲೇ ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಅತ್ತೆ ಬಂದು ಕೂತರೆ ಚೆಂಬು ತುಂಬಿ ನೊರೆ ಹೊರಗೆ. ದೊಡ್ಡಮ್ಮ ವಾತದಿಂದ ಹಾಸಿಗೆ ಹಿಡಿದ ಮೇಲೆ ದೊಡ್ಡಪ್ಪನಿಂದ ಕಾಗದದ ಮೇಲೆ ಕಾಗದ ಬಂತು, ಪಾರುವನ್ನು ಕಳಿಸಿಕೊಡು ಎಂದು. ಪ್ರತಿ ಸಲವೂ ಅಪ್ಪ ಒಂದೇ ಉತ್ತರ ಬರೆಯುತ್ತಿದ್ದ: ಬೊಳ್ಳಿ ಬೇರೆಯವರ ಕೈಗೆ ಹಾಲು ಕೊಡುವುದಿಲ್ಲ, ಏನು ಮಾಡಲಿ? ಕಾಗದ ಅಂಚೆಗೆ ಹೋದ ದಿನ ಅತ್ತೆ ಬೊಳ್ಳಿಗೆ ಒಂದು ಬಾಳೆಹಣ್ಣು ಹೆಚ್ಚಿಗೆ ಕೊಡುತ್ತಿದ್ದರು. ಕೊಲ್ಲಮೊಗ್ರಿನ ಬಗ್ಗೆ ಅವರು ದೂರು ಹೇಳಿದ್ದನ್ನು ನಾನು ಕೇಳಿಲ್ಲ. ಒಂದು ಸಲ ಮಾತ್ರ, "ಅಲ್ಲಿ ಕಾಡು ಒಳ್ಳೇದುಂಟು ಮಾಣಿ. ಆದ್ರೆ ಕಾಡಿನತ್ರ ಎಷ್ಟು ಅಂತ ಮಾತಾಡುದು?" ಎಂದಿದ್ದರು. ನಮ್ಮಲ್ಲಿ ಅಡಿಗೆಮನೆಯ ಕಿಟಕಿಯಿಂದ ಬಸ್ಸು ನಿಲ್ದಾಣ ಕಾಣುತ್ತದೆ. ಯಾವ ಬಸ್ಸಿನಲ್ಲಿ ಯಾರು ಇಳಿದರು, ಯಾರ ಮಗಳು ಮುಖ ಊದಿಸಿಕೊಂಡು ತವರಿಗೆ ಬಂದಳು, ಎಲ್ಲವೂ ದೋಸೆ ಹುಯ್ಯುತ್ತಲೇ ಅತ್ತೆಗೆ ತಿಳಿಯುತ್ತಿತ್ತು.

ಇಷ್ಟೆಲ್ಲ ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಒಂದರ ಪಕ್ಕ ಒಂದು ಇಟ್ಟು ನೋಡಲಿಲ್ಲ, ಅಷ್ಟೆ. ಇದನ್ನು ನಾನು ಸಮರ್ಥನೆಯಾಗಿ ಹೇಳುತ್ತಿಲ್ಲ. ಇದಕ್ಕೆ ಯಾವ ತೀರ್ಪುಗಾರನೂ ಅಂಕ ಕೊಡುವುದಿಲ್ಲ.

ಆ ವರ್ಷ ಬಿ.ಎಸ್ಸಿ. ಪರೀಕ್ಷೆ ಮುಗಿಸಿ ಮನೆಗೆ ಬಂದಿದ್ದೆ. ತಲೆಯೊಳಗೆ ಪ್ರಾಣಿಶಾಸ್ತ್ರ ಬಿಸಿಬಿಸಿಯಾಗಿತ್ತು. ಪ್ರಾಣಿಗಳ ನಡತೆಯನ್ನು ಅಳೆದು ನೋಡುವ ವಿದ್ಯೆ ಆಗಿನ್ನೂ ಹೊಸದು. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಗಳ ವಿಷಯ ಎಲ್ಲರೂ ಕೇಳಿದ್ದೀರಿ. ಅದಕ್ಕಿಂತ ಚೆಂದದ್ದು ಇದೆ. ಮೊಟ್ಟೆಯೊಡೆದು ಬಂದ ಬಾತಿನ ಮರಿ ಮೊದಲು ಕಂಡ ಮನುಷ್ಯನನ್ನೇ ತಾಯಿಯೆಂದು ನಂಬಿ ಅವನ ಹಿಂದೆ ಸಾಲು ಹಿಡಿಯುತ್ತದಂತೆ. ಕಡಲಹಕ್ಕಿಯ ಮರಿ ತಾಯಿಯ ಕೊಕ್ಕಿನ ಕೆಂಪು ಚುಕ್ಕೆಯನ್ನು ಕುಕ್ಕಿ ಊಟ ಕೇಳುತ್ತದೆ. ತಾಯಿ ಇಲ್ಲದೆ ಬರೀ ಕಡ್ಡಿಗೆ ಕೆಂಪು ಬಳಿದು ಹಿಡಿದರೆ ಅದನ್ನೂ ಕುಕ್ಕುತ್ತದೆ. ಅಂಗೈಯಗಲದ ಗಾಜಿನ ತೊಟ್ಟಿಯಲ್ಲಿದ್ದ ಒಂದು ಬಗೆಯ ಮೀನು, ಹೊಟ್ಟೆ ಕೆಂಪಾದ ಎದುರಾಳಿಯನ್ನು ಕಂಡು ಹೋರಾಟಕ್ಕೆ ನಿಲ್ಲುವಂಥದ್ದು, ಕಿಟಕಿಯಾಚೆ ರಸ್ತೆಯಲ್ಲಿ ಕೆಂಪು ಟಪಾಲು ವ್ಯಾನು ಹಾದುಹೋದಾಗಲೂ ಹೋರಾಟಕ್ಕೆ ನಿಂತಿತಂತೆ! ನನಗೆ ಆ ಮೀನಿನ ಮೇಲೆ ಅಕ್ಕರೆ ಇದೆ. ನಾನೂ ಸ್ಪರ್ಧೆಗಳಲ್ಲಿ ಎದುರಿಗೆ ಯಾರಿದ್ದಾರೆಂದು ನೋಡದೆ ಕಾದಾಡಿದವನೇ.

ಹಾಲಿನ ವಿಷಯವೂ ಹಾಗೆಯೇ. ಕೆಚ್ಚಲಿನಲ್ಲಿ ಹಾಲು ಇರುತ್ತದೆ, ಆದರೆ ಇಳಿಯಬೇಕಾದರೆ ಮೆದುಳಿನ ಬುಡದ ಒಂದು ಗ್ರಂಥಿಯಿಂದ ಒಂದು ರಸ ರಕ್ತಕ್ಕೆ ಸೇರಬೇಕು. ಪರಿಚಯದ ಸ್ಪರ್ಶ, ಸದ್ದು, ವಾಸನೆ ಇದ್ದರೆ ಅದು ಸೇರುತ್ತದೆ. ಹೆದರಿಕೆಯಾದರೆ ಬೇರೊಂದು ರಸ ಬಂದು ಅದನ್ನು ತಡೆಯುತ್ತದೆ. ಇದರಲ್ಲಿ ಪ್ರೀತಿಯ ಮಾತೆಲ್ಲಿ ಬಂತು?

ಅತ್ತೆಯ ಜ್ವರ ಇಳಿದ ಮರುದಿನ ಊಟಕ್ಕೆ ಕೂತಾಗ ಇದನ್ನೇ ಹೇಳಿದೆ. ಅಪ್ಪ ಮಜ್ಜಿಗೆ ಕಲಸುತ್ತಾ ಕೇಳಿದ, "ವಾದ ಗೆದ್ರೆ ಚೆಂಬು ತುಂಬ್ತದಾ?"

"ತುಂಬಿಸಿ ತೋರಿಸ್ತೇನೆ."

"ತೋರ್ಸು. ಬಾಯಲ್ಲಿ ಬೇಡ, ಚೆಂಬಲ್ಲಿ."

ಬಡಿಸುತ್ತಿದ್ದ ಅತ್ತೆ ನಕ್ಕು, "ಅವನಿಗೆ ಬೊಳ್ಳಿಯ ಒದೆ ತಿಂದು ಗೊತ್ತಿಲ್ಲ ಪಾಪ" ಎಂದರು.

ಗೊತ್ತಾಯಿತು. ಮೊದಲ ದಿನ ನನ್ನ ಪಂಚೆಯಲ್ಲಿಯೇ ಕೂತೆ, ಚೆಂಬು ಸಹಿತ ಹಿಂದಕ್ಕೆ ಬಿದ್ದೆ. ಎರಡನೆಯ ದಿನ ಅತ್ತೆಯ ದನಿಯಲ್ಲಿ "ಬಾ ಮಗಾ, ನನ್ನ ಬಂಗಾರಾ" ಎಂದೆ. ಬೊಳ್ಳಿ ಕತ್ತು ತಿರುಗಿಸಿ ನೋಡಿದ ರೀತಿಗೆ ನನಗೇ ನಾಚಿಕೆಯಾಯಿತು. ಮೂರನೆಯ ದಿನ ಅತ್ತೆಯ ಒಗೆದ ಸೀರೆಯನ್ನು ಹಗ್ಗದಿಂದ ತೆಗೆದು ಸುತ್ತಿಕೊಂಡೆ. ಒದೆ ಬೀಳಲಿಲ್ಲ, ಹಾಲೂ ಬರಲಿಲ್ಲ. ಆಗ ನನಗೆ ಹೊಳೆಯಿತು, ಬಣ್ಣವಲ್ಲ, ವಾಸನೆ. ಒಗೆಯದ ಸೀರೆ ಬೇಕು. ಕೇಳುವುದು ಹೇಗೆ ಎಂದು ಸ್ವಲ್ಪ ಹೊತ್ತು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಆಮೇಲೆ ಕೇಳಿಯೇಬಿಟ್ಟೆ. ಯಾಕೆ ಬೇಕೆಂದೂ ವಿವರಿಸಿದೆ, ಗ್ರಂಥಿ, ರಸ, ಎಲ್ಲ.

ಅತ್ತೆ ಪೂರ್ತಿ ಕೇಳಿದರು. "ಅಂದ್ರೆ ಈ ಸೀರೆ ಉಟ್ರೆ ಯಾರು ಕರೆದ್ರೂ ಆಗ್ತದೆ ಅಂತ ಹೇಳುದಾ ನೀನು?"

"ಆಗಬೇಕು ಅತ್ತೆ. ಆಗದಿದ್ದರೆ ನಾನು ಸೋತ ಹಾಗೆ."

ಅವರು ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದರು. ಅಷ್ಟು ಹೊತ್ತು ಉಟ್ಟಿದ್ದ ಕಂದು ಬಣ್ಣದ ಸೀರೆಯನ್ನು ಮಡಚಿ ನನ್ನ ಕೈಯಲ್ಲಿಟ್ಟರು.

ಮರುದಿನ ಬೆಳಿಗ್ಗೆ ಅದನ್ನು ಉಟ್ಟು ಹಟ್ಟಿಗೆ ಹೊರಟಾಗ ಹೋಟೆಲಿನ ಅಡಿಗೆಯ ಕಿಟ್ಟಣ್ಣ ಒಲೆಗೆ ಬೆಂಕಿ ಹಾಕುತ್ತಿದ್ದವನು ಎದ್ದೇ ನಿಂತ. "ಎಂತ ಮಾರಾಯಾ, ಯಾವ ಯಕ್ಷಗಾನದ ಮೇಳ? ಮೀಸೆ ಇಟ್ಟ ಸ್ತ್ರೀವೇಷ ಈಗ ಸುರು ಆದದ್ದಾ?" ನಾನು ಸೆರಗು ಸರಿಮಾಡಿಕೊಂಡು ಕೂತೆ. ಬೊಳ್ಳಿ ಒಮ್ಮೆ ಮೂಸಿತು. ಉಸಿರು ಬಿಟ್ಟಿತು. ಬೆರಳ ನಡುವೆ ಬಿಸಿ ಇಳಿದು ಚೆಂಬಿನ ತಳಕ್ಕೆ ಸುರ್ ಎಂದು ಬಿತ್ತು. ಅಂಥ ಸದ್ದು ಯಾವ ಚಪ್ಪಾಳೆಯಲ್ಲೂ ನಾನು ಕೇಳಿಲ್ಲ.

ಒಬ್ಬನಿಂದ ಪ್ರಯೋಗ ಸಿದ್ಧವಾಗುವುದಿಲ್ಲವಲ್ಲ. ಸಂಜೆ ಅಮ್ಮನಿಗೆ ಅದೇ ಸೀರೆ ಉಡಿಸಿದೆ, ಹಾಲು ಬಂತು. ಮರುದಿನ ಕಿಟ್ಟಣ್ಣನಿಗೆ ಹೊದೆಸಿದೆ, ಬಂತು. "ನನ್ನ ಹೆಂಡ್ತಿಗೆ ಹೇಳ್ಬೇಡಿ" ಎನ್ನುತ್ತಲೇ ಅವನು ಚೆಂಬು ತುಂಬಿಸಿದ. ನಾನು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರ ಎದುರಿಗೇ ಘೋಷಿಸಿದೆ: ಬೊಳ್ಳಿಗೆ ಪಾರತ್ತೆ ಬೇಕಾಗಿಲ್ಲ, ಸೀರೆ ಸಾಕು! ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ, ಏನೋ ಯೋಚಿಸುವವನ ಹಾಗೆ ನೋಡಿದ. ಒಳಗೆ ಅತ್ತೆ ಹಿಟ್ಟು ಕಡೆಯುತ್ತಿದ್ದ ಕಲ್ಲಿನ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಹದಿನೈದು ದಿನದಲ್ಲಿ ಕೊಲ್ಲಮೊಗ್ರಿಗೆ ಬೇರೆ ರೀತಿಯ ಕಾಗದ ಹೋಯಿತು. ಅಪ್ಪ ಕೆಟ್ಟವನಲ್ಲ. ಅಲ್ಲಿ ಹಾಸಿಗೆ ಹಿಡಿದ ಅತ್ತಿಗೆ, ಇಲ್ಲಿ ಹೇಳಲು ನೆಪ ಉಳಿದಿಲ್ಲ. "ಇನ್ನು ಎಂತ ಅಂತ ಬರೆಯುದು ಪಾರು?" ಎಂದ. "ಹೌದಣ್ಣ" ಎಂದರು ಅತ್ತೆ. ಕಂದು ಸೀರೆಯನ್ನು ಹಟ್ಟಿಯ ಗೂಟಕ್ಕೆ ಹಾಕಿಟ್ಟು, ಉಳಿದ ನಾಲ್ಕನ್ನು ಟ್ರಂಕಿಗೆ ತುಂಬಿದರು. ಬಸ್ಸಿನಲ್ಲಿ ಕಡಬದವರೆಗೆ ನಾನೂ ಹೋದೆ. ದಾರಿಯುದ್ದಕ್ಕೂ ಅವರು ಕಿಟಕಿಯಿಂದ ಹೊರಗೆ ನೋಡಿ ಯಾರ ಯಾರದೋ ಮನೆ ತೋರಿಸುತ್ತಿದ್ದರು. ನಾನು, ಮಾತಿಗೆ ಕಪ್ಪು ಗೆದ್ದವನು, ಅವರ ಟ್ರಂಕು ಜಾರದಂತೆ ಹಿಡಿದುಕೊಂಡು ಕೂತಿದ್ದೆ.

ಆಮೇಲೆ ನಾನು ದಿನವೂ ಹಟ್ಟಿಗೆ ಹೋಗಿ ನಿಲ್ಲುತ್ತಿದ್ದೆ. ನಿಮಗೆ ಹೇಳಿದರೆ ನಗುತ್ತೀರಿ: ನನ್ನ ಸಿದ್ಧಾಂತ ಸುಳ್ಳಾಗಲಿ ಎಂದು ಜೀವನದಲ್ಲಿ ಮೊದಲ ಸಲ ಆಸೆಪಟ್ಟೆ. ಸೀರೆಯ ವಾಸನೆ ಎಷ್ಟು ದಿನ ನಿಂತೀತು? ವಾಸನೆ ಹೋಗಲಿ, ಬೊಳ್ಳಿ ಹಾಲು ಎಳೆದುಕೊಳ್ಳಲಿ, ಅಪ್ಪ ಕೂಡಲೇ ಬಾ ಎಂದು ತಂತಿ ಕೊಡಲಿ. ದಿನ ಕಳೆದ ಹಾಗೆ ವಾಸನೆ ಹೋಯಿತು, ಆದರೆ ಅಷ್ಟರಲ್ಲಿ ಬೊಳ್ಳಿಗೆ ಅಮ್ಮನ ವಾಸನೆ ಅಭ್ಯಾಸವಾಗಿತ್ತು. ಚೆಂಬು ತುಂಬಿ ನೊರೆ ಹೊರಗೆ. ಶಾಸ್ತ್ರ ಹೇಳಿದ ಹಾಗೆಯೇ ನಡೆಯಿತು, ಒಂದು ತೊಟ್ಟೂ ಆಚೀಚೆಯಾಗಲಿಲ್ಲ.

ಈಗ ನಾನು ಸುಳ್ಯದಲ್ಲಿ ವಿಜ್ಞಾನದ ಮಾಸ್ತರ. ಒಂದು ಬಾಡಿಗೆ ಕೋಣೆ, ಒಂದು ಸ್ಟವ್ವು. ಸಂಜೆ ಪುತ್ತೂರಿನ ಬಸ್ಸಿನ ಹಾರ್ನು ಕೇಳಿದ ಕೂಡಲೇ ಕೈಯಲ್ಲಿದ್ದ ಪುಸ್ತಕ ಇಟ್ಟು ಬಾಗಿಲಿಗೆ ಬರುತ್ತೇನೆ. ನನಗಾಗಿ ಯಾರೂ ಅದರಿಂದ ಇಳಿಯುವುದಿಲ್ಲ, ಇಳಿಯುತ್ತೇವೆಂದು ಯಾರೂ ಬರೆದೂ ಇಲ್ಲ. ಆದರೂ ಬರುತ್ತೇನೆ, ಬಸ್ಸು ಖಾಲಿಯಾಗುವವರೆಗೆ ನಿಲ್ಲುತ್ತೇನೆ, ಒಳಗೆ ಹೋಗಿ ಗಂಜಿ ಇಡುತ್ತೇನೆ. ಪ್ರತಿಫಲ ಇಲ್ಲದಿದ್ದರೆ ಅಭ್ಯಾಸ ತಾನಾಗಿ ಅಳಿಯಬೇಕೆಂದು ಮಕ್ಕಳಿಗೆ ನಾನೇ ಪಾಠ ಮಾಡಿದ್ದೇನೆ. ಎಷ್ಟು ದಿನದಲ್ಲಿ ಎಂದು ಒಬ್ಬ ಹುಡುಗಿ ಕೇಳಿದ್ದಳು. ಪ್ರಾಣಿಯಿಂದ ಪ್ರಾಣಿಗೆ ಬೇರೆ ಎಂದೆ.

ಹೋದ ಭಾನುವಾರ ಕೊಲ್ಲಮೊಗ್ರಿಗೆ ಹೋದೆ. ಮನೆಯ ಹಿತ್ತಲಿಗೆ ಅಂಟಿಕೊಂಡೇ ಕಾಡು. ದೊಡ್ಡಪ್ಪ ಗದ್ದೆಗೆ ಹೋಗಿದ್ದರು, ದೊಡ್ಡಮ್ಮ ಒಳಗೆ ನಿದ್ದೆಯಲ್ಲಿದ್ದರು. ಅತ್ತೆ ನನ್ನನ್ನು ಜಗಲಿಯಲ್ಲಿ ಕೂರಿಸಿ, ಪುತ್ತೂರಿನ ಒಬ್ಬೊಬ್ಬರನ್ನೇ ವಿಚಾರಿಸಿದರು. ನನಗೆ ಗೊತ್ತಿಲ್ಲದವರ ವಿಷಯದಲ್ಲಿ ಏನೇನೋ ಹೊಸೆದು ಹೇಳಿದೆ. ಕೇಳುವಷ್ಟು ಹೊತ್ತು ಅವರ ಮುಖ ಬೆಳಗಿತ್ತು.

"ಇಲ್ಲಿ ಹಸು ಉಂಟಾ ಅತ್ತೆ?" ಎಂದೆ.

"ಉಂಟು. ಭಾರೀ ಸಾಧು. ಯಾರು ಕೂತ್ರೂ ಕೊಡ್ತದೆ."

ಅಷ್ಟು ಹೇಳಿ ಅವರು ಅಕ್ಕಿ ಆರಿಸುವ ಗೆರಸೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಕಾಡಿನ ಕಡೆಯಿಂದ ಒಂದು ಹಕ್ಕಿ ಕೂಗುತ್ತಿತ್ತು. ಯಾವ ಹಕ್ಕಿ, ಯಾಕೆ ಕೂಗುತ್ತದೆ ಎಂದು ನಾನು ಹೇಳಬಲ್ಲೆ. ಅದರ ಮೇಲೆ ಹತ್ತು ನಿಮಿಷ ಮಾತಾಡಬಲ್ಲೆ. ಕೊಲ್ಲಮೊಗ್ರಿನ ಗಾಳಿ ಒಳ್ಳೆಯದು, ಪಾರು ಮನಸಾರೆ ಹೋದಳು ಎಂದು ಮನೆಯಲ್ಲಿ ಈಗ ಹೇಳುತ್ತಾರೆ. ಅದೂ ಒಂದು ಕತೆ. ಅದನ್ನು ತಿದ್ದಬೇಕಾದರೆ ಅತ್ತೆಯೊಬ್ಬರನ್ನೇ ಕೇಳಬೇಕು. ಬೊಳ್ಳಿಯ ಎದುರು ಏನೇನನ್ನೋ ಇಟ್ಟು ಪರೀಕ್ಷೆ ಮಾಡಿದವನು, ಇವರನ್ನು ಒಂದು ಮಾತೂ ಕೇಳಿರಲಿಲ್ಲ.

ಕೇಳಿದೆ. "ಅತ್ತೆ, ಅವತ್ತು ನಾನು ಬಂದು ಕೇಳಿದಾಗ ಅದರಿಂದ ಏನಾಗ್ತದೆ ಅಂತ ನನಗೆ ಹೊಳೆಯಲಿಲ್ಲ. ನಿಮಗೆ ಹೊಳೆದಿತ್ತು. ಕೊಡುದಿಲ್ಲ ಹೋಗು ಮಾಣಿ ಅಂದಿದ್ದರೆ ಮುಗೀತಿತ್ತಲ್ಲ. ಆ ಸೀರೆ ನನಗೆ ಯಾಕೆ ಕೊಟ್ಟಿರಿ?"

"ಆಗದಿದ್ರೆ ಸೋತ ಹಾಗೆ ಅಂತ ಹೇಳಿದ್ದು ನೀನೇ ಅಲ್ವಾ ಮಾಣಿ, ನಿನ್ನನ್ನು ಸೋಲಿಸುದು ಹೇಗೆ?" ಎಂದು ಅತ್ತೆ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು.