ಹಸಿರು ನೀರಿಗೆ ಇಳಿದು ನಿಂತವಳು

“ಮೊದ್ಲ ನನ್ ಮ್ಯಾಲ ಸುರೀರಿ, ಆಮ್ಯಾಲ ನೀರಿಗೆ ಹಾಕೀರಂತ!” ಎನ್ನುತ್ತ ಹುಲಿಗೆಮ್ಮ ಸೊಂಟದುದ್ದದ ಹಸಿರು ನೀರಿಗೆ ಇಳಿದು ನಿಂತುಬಿಟ್ಟಳು. ನನ್ನ ಕೈಯಲ್ಲಿ ಸೀಮೆಎಣ್ಣೆ ಡಬ್ಬಿಯಿತ್ತು. ಮದರಾಸು ಸರ್ಕಾರದ ಕಾಲವದು; ಗುಮ್ಮಘಟ್ಟದ ಸುತ್ತ ಸೊಳ್ಳೆ ಹುಟ್ಟುವ ಹೊಂಡಗಳಿಗೆ ಎಣ್ಣೆ ಸುರಿಯುವುದೇ ನನ್ನ ನೌಕರಿ.

ಆ ಹೊಂಡದಲ್ಲಿ ಅವಳು ಕಪ್ಪೆಚಿಪ್ಪು ಸಾಕಿದ್ದಳು. ಒಳಗಿನ ಮಾಂಸ ಸಾರಿಗೆ, ಚಿಪ್ಪು ಸುಣ್ಣಕ್ಕೆ. ನೀರು ಹಸಿರಾಗಲೆಂದೇ ಕುರಿಹಿಕ್ಕೆಯ ಚೀಲವೊಂದನ್ನು ಅದರಲ್ಲಿ ಇಳಿಬಿಟ್ಟಿದ್ದಳು. ಹೊಲಸು ನೀರೆಂದು ನಾನು ಗದರಿದೆ. ಸೊಳ್ಳೆಮರಿ ಹಿಡಿದು ನೋಡಲು ನಾನು ತಂದಿದ್ದ ಗಾಜಿನ ಜಾಡಿಯನ್ನೇ ಅವಳು ಕಿತ್ತುಕೊಂಡು, ಆ ನೀರು ತುಂಬಿ, ಎರಡು ಜೀವಂತ ಚಿಪ್ಪು ಹಾಕಿ ಕಟ್ಟೆಯ ಮೇಲಿಟ್ಟಳು. ಸಾಯಂಕಾಲ ಬಂದು ನೋಡಿದರೆ ಜಾಡಿಯ ಆಚೆ ಹಿಡಿದ ಅವಳ ಬೆರಳು ಸ್ಪಷ್ಟವಾಗಿ ಕಾಣುವಷ್ಟು ನೀರು ತಿಳಿಯಾಗಿತ್ತು.

“ಹಸಿರೆಲ್ಲಾ ತಿಂದಾವ ನೋಡ್ರಿ. ನೀವು ಎಣ್ಣಿ ಹಾಕಿದ್ರ ಇವು ಏನ್ ತಿನ್ನಬೇಕ್ರಿ?”

ಹೊಂಡವನ್ನು ಜಾಲಾಡಿದೆ. ಸೊಳ್ಳೆಮರಿ ತಿನ್ನುವ ಸಣ್ಣ ಮೀನುಗಳಿದ್ದವು, ಸೊಳ್ಳೆಮರಿ ಒಂದೂ ಸಿಗಲಿಲ್ಲ.

ಎಣ್ಣೆ ಸುರಿಯದೆ ಮರಳಿ, ವರದಿಯಲ್ಲಿ ಮೊದಲು ಬರೆದಿದ್ದ ‘ಹೊಲಸು ನೀರು’ ಎಂಬುದನ್ನು ಹೊಡೆದುಹಾಕಿ ‘ಮೇವು’ ಎಂದು ಬರೆದೆ. ರಾಯದುರ್ಗದ ಮೇಲಧಿಕಾರಿ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ವಾಪಸು ಕಳಿಸಿದರು. ಅದರ ಕೆಳಗೇ ಮತ್ತೆ ‘ಮೇವು’ ಎಂದು ಬರೆದೆ. ಈ ಸಲ ರುಜುವನ್ನೂ ದೊಡ್ಡದಾಗಿಯೇ ಹಾಕಿದೆ.