ಜೀವನಾಂಶ ಬೇಡವೆಂದ ಮಹಾರುದ್ರಪ್ಪ

ಬಸವಕಲ್ಯಾಣದ ಕೋಟೆಯ ಹತ್ತಿರ ಪಾತ್ರೆ ಅಂಗಡಿ ಇಟ್ಟಿರುವ ಮಹಾರುದ್ರಪ್ಪನವರಿಗೆ ಮರ್ಯಾದೆ ಎಂದರೆ ಪ್ರಾಣ. ಪಾತ್ರೆಗೆ ಗೀರು ಬಿದ್ದಿದ್ದರೆ ಗಿರಾಕಿಗೆ ಹತ್ತು ರೂಪಾಯಿ ಬಿಡುತ್ತಿದ್ದರು, ಹೆಸರಿಗೆ ಗೀರು ಬೀಳುವುದನ್ನು ಮಾತ್ರ ಸಹಿಸುತ್ತಿರಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು ಎನ್ನುವ ಪೈಕಿ.

ಮಗಳು ಶೀತಲ್ ಹುಮನಾಬಾದಿನ ಧನರಾಜನ ಜೊತೆ ಆರು ವರ್ಷ ಸಂಸಾರ ಮಾಡಿದಳು. ಹೊಂದಿಕೆಯಾಗಲಿಲ್ಲ. ಇಬ್ಬರೂ ಬೇರೆಯಾಗಲು ಒಪ್ಪಿದ ಮೇಲೆ ಎರಡೂ ಕಡೆಯ ಹಿರಿಯರು ಮಾಣಿಕನಗರದ ನೆಂಟರೊಬ್ಬರ ಮನೆಯಲ್ಲಿ ಕೂತು ಮಾತು ಮುಗಿಸಿದರು. ಹುಡುಗಿಗೆ ಹದಿನಾಲ್ಕು ಲಕ್ಷ. ಟ್ರ್ಯಾಕ್ಟರ್ ಬಿಡಿಭಾಗಗಳ ವ್ಯಾಪಾರ ಮಾಡುವ ಧನರಾಜ ಅಷ್ಟನ್ನೂ ನಗದಾಗಿ ತಂದಿಟ್ಟ. ಕೋರ್ಟಿನ ಅರ್ಜಿ ಬರೆಯುವಾಗ ವಕೀಲರು ಮೊತ್ತ ಎಷ್ಟೆಂದು ಕೇಳಿದರು. ಮಹಾರುದ್ರಪ್ಪ ಕೈ ಅಡ್ಡ ಹಿಡಿದರು.

"ಅದೆಲ್ಲ ಬರೀಬ್ಯಾಡ್ರಿ. ಮಗಳ ಸಂಸಾರ ಮುರದು ರೊಕ್ಕ ತಗೊಂಡ ಅಂತ ನಾಳೆ ಸಮಾಜದಾಗ ಅನಸ್ಕೊಳ್ಳಾಕ ನಾ ತಯಾರಿಲ್ಲ. ಜೀವನಾಂಶ ಬ್ಯಾಡ ಅಂತ ಬರೀರಿ."

ವಕೀಲರು ಹಾಗೆಯೇ ಬರೆದರು. ಪತ್ನಿಯು ಪತಿಯಿಂದ ಏನನ್ನೂ ಪಡೆದಿಲ್ಲ, ಮುಂದೆಯೂ ಕೇಳುವುದಿಲ್ಲ. ಶೀತಲ್ ಒಮ್ಮೆ ತಲೆ ಎತ್ತಿದಳು. ಅವಳ ಅಭಿಪ್ರಾಯ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸಹಿ ಮಾಡಿದಳು.

ಎರಡು ಕೋಣೆಯ ಸ್ವಂತ ಮನೆ ಕೊಳ್ಳಬೇಕೆಂಬುದು ಅವಳ ಆಸೆ. ತವರಿನಲ್ಲಿ ಅಣ್ಣ, ಅತ್ತಿಗೆ, ಮಕ್ಕಳು. ನೆಂಟರು ಬಂದಾಗಲೆಲ್ಲ ನಡುಮನೆಯಿಂದ ಅವಳ ಹೊಲಿಗೆ ಮಷೀನು ಎದ್ದು ಹೋಗಬೇಕು. ಮನೆ ಸಿಗುವವರೆಗೆ ಇರಲೆಂದು ಅಪ್ಪನೇ ಅಷ್ಟೂ ರೊಕ್ಕವನ್ನು ಅವಳ ಖಾತೆಗೆ ಕಟ್ಟಿ ಬಂದರು.

ಎರಡು ವರ್ಷ ಕಳೆದು ತೆರಿಗೆ ಇಲಾಖೆಯ ನೋಟಿಸು ಬಂತು. ಇಷ್ಟು ನಗದು ಎಲ್ಲಿಂದ ಬಂತು? ತೆರಿಗೆ ಕೆಲಸ ನೋಡುವ ಅಂಬಾದಾಸ ಕೋರ್ಟಿನ ಕಾಗದ ಓದಿ ಕನ್ನಡಕ ತೆಗೆದ.

"ಸಾವಕಾರ್ರ, ಜೀವನಾಂಶ ಒಮ್ಮಿಗೇ ಕೊಟ್ಟಾರ ಅಂತ ಒಂದ್ ಸಾಲು ಇದ್ದಿದ್ರ, ಇದಕ್ಕ ತೆರಿಗಿ ಬರಂಗಿಲ್ಲಂತ ವಾದ ಮಾಡಬಹುದಿತ್ತು. ಇಲ್ಲಿ ಏನೂ ಪಡದಿಲ್ಲ ಅಂತ ಅದ. ಲೆಕ್ಕ ಇಲ್ಲದ ರೊಕ್ಕ ಅಂದ್ರ ಮುಕ್ಕಾಲು ಪಾಲು ಹೋಗತದ. ರೊಕ್ಕ ನಾನಾ ಕೊಟ್ಟೀನಿ ಅಂತ ಧನರಾಜ ಬರದು ಕೊಟ್ರ ನೋಡೋಣು."

ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ. ಮಹಾರುದ್ರಪ್ಪ ಒಬ್ಬರೇ ಹುಮನಾಬಾದಿನ ಬಸ್ಸು ಹತ್ತಿದರು. ಧನರಾಜ ಎದ್ದು ಕುರ್ಚಿ ಕೊಟ್ಟ, ಚಹಾ ತರಿಸಿದ. ಅವನೇನು ಕೆಟ್ಟವನಲ್ಲ. ವಿಷಯ ಕೇಳಿ ತಲೆ ತಗ್ಗಿಸಿದ.

"ಕೊಟ್ಟೀನಿ ಮಾವಾರ, ಇಲ್ಲ ಅನ್ನಂಗಿಲ್ಲ. ಆದ್ರ ಹಳ್ಳಿಖೇಡದ ಕಬ್ಬಿನ ಗಾಡಿಯವರು ಬಿಲ್ ಇಲ್ದ ಸಾಮಾನು ಒಯ್ದ ರೊಕ್ಕ ಅದು. ಬರದು ಕೊಟ್ರ ತೆರಿಗಿಯವರು ನನ್ನ ಬಾಗಲಿಗೆ ಬರ್ತಾರ. ಬ್ಯಾಡ ಅಂತ ಬರಸಿದವರು ನೀವಾ ಅಲ್ಲೇನ್ರಿ?"

ಯಾರ ಮುಂದೆಯೂ ಬಾಗದ ಮಹಾರುದ್ರಪ್ಪ ಆ ಅಂಗಡಿಯಲ್ಲಿ, ಗಿರಾಕಿಗಳೆದುರು, ಹಳೆಯ ಅಳಿಯನಿಗೆ ಕೈ ಮುಗಿದರು. ಧನರಾಜ ಗಾಬರಿಯಾಗಿ ಅವರ ಕೈ ಹಿಡಿದು ಇಳಿಸಿದ. ಬರೆದು ಮಾತ್ರ ಕೊಡಲಿಲ್ಲ.

ಮುಕ್ಕಾಲು ಪಾಲು ತೆರಿಗೆಗೆ ಹೋಯಿತು. ಉಳಿದದ್ದು ಮೇಲ್ಮನವಿಗೆ, ಓಡಾಟಕ್ಕೆ ಕರಗಿತು. ಶೀತಲ್ ನೋಡಿಟ್ಟಿದ್ದ ಮನೆಯನ್ನು ಬೇರೆ ಯಾರೋ ಕೊಂಡರು.

ಕಾಗದಗಳನ್ನೆಲ್ಲ ಮಗಳ ಮುಂದಿಟ್ಟು ಮಹಾರುದ್ರಪ್ಪ, "ನನ್ನಿಂದ ಆತವ್ವ," ಎಂದರು. ಬೈದಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಕಾಗದ ಜೋಡಿಸುತ್ತಿದ್ದವಳ ಕಣ್ಣು ಕೋರ್ಟಿನ ಹಾಳೆಯ ಮೇಲೆ ನಿಂತಿತು. ಮೆಲ್ಲಗೆ ಓದಿದಳು: ಪತ್ನಿಯು ಪತಿಯಿಂದ ಏನನ್ನೂ ಪಡೆದಿಲ್ಲ.

"ಆವತ್ತು ಇದು ಸುಳ್ಳು ಅಂತ ಭಾಳ ತ್ರಾಸ್ ಆಗಿತ್ರಿ ಅಪ್ಪಾ," ಎಂದಳು. "ಈಗ ಖರೇ ಆತ್ ನೋಡ್ರಿ."

ಅಷ್ಟರಲ್ಲಿ ಅತ್ತಿಗೆಯ ತವರಿನವರು ಬಂದರು. ಶೀತಲ್ ಎದ್ದು ಹೊಲಿಗೆ ಮಷೀನನ್ನು ಗೋಡೆಯ ಬದಿಗೆ ಎಳೆಯತೊಡಗಿದಳು.