ಪ್ಯೂರ್ ಸದಾಶಿವಪ್ಪ

ಕೊಳ್ಳೇಗಾಲ ಮದರಾಸು ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದ ಮೇಲೂ ಸೀರೆ ವ್ಯಾಪಾರಿ ಸದಾಶಿವಪ್ಪ ಮದರಾಸಿನ ಒಂದು ಮಾತನ್ನು ಮಾತ್ರ ಬಿಡಲಿಲ್ಲ. ಅಲ್ಲಿನ ಗಿರಾಕಿಗಳು ಸೀರೆ ಮುಟ್ಟಿ ‘ಪ್ಯೂರಾ?’ ಎನ್ನುತ್ತಿದ್ದರು. ಇವನಿಗೆ ಬರುತ್ತಿದ್ದ ಇಂಗ್ಲಿಷೇ ಅದೊಂದು, ಬಿಡುವುದಾದರೂ ಹೇಗೆ? ಮೊದಲು ರೇಷ್ಮೆ ಪ್ಯೂರ್, ಜರಿ ಪ್ಯೂರ್ ಎಂದ. ಆಮೇಲೆ ತುಪ್ಪಕ್ಕೂ ಜೇನಿಗೂ ಅದೇ ಮಾತು ಅಂಟಿತು. ಕೊನೆಗೆ ಎದುರಂಗಡಿಯ ಪುಟ್ಟಬಸಪ್ಪನೂ ಇವನ ಬಾಯಲ್ಲಿ ‘ಪ್ಯೂರ್ ಸೋಮಾರಿ’ ಆದ. ಊರು ಸುಮ್ಮನಿರುತ್ತದೆಯೇ, ಇವನಿಗೇ ಪ್ಯೂರ್ ಸದಾಶಿವಪ್ಪ ಎಂದು ಹೆಸರಿಟ್ಟಿತು.

ಮಾತಿಗೆ ತಕ್ಕ ಪರೀಕ್ಷೆಯೂ ಇತ್ತು. ಸೆರಗಿನ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯುತ್ತಿದ್ದ. ಕೂದಲು ಸುಟ್ಟ ವಾಸನೆ ಬಂದರೆ ಅಪ್ಪಟ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಕೃತಕ ನೂಲು.

ಹೆಂಡತಿ ಚನ್ನಾಜಮ್ಮ ಹಾಸಿಗೆ ಹಿಡಿದಾಗ ಅವನ ಕೈ ಹಿಡಿದು ಹೇಳಿದಳು: “ನಾ ಒಂಟೋದಾಗ ಒಂದು ಪ್ಯೂರ್ ಸೀರೆ ಉಡ್ಸಿ ಕಳ್ಸ್‌ಬುಡಿ. ಜಲ್ಮೆಲ್ಲ ಬ್ಯಾರೇರು ಉಡೋದ ನೋಡೋದೇ ಆಯ್ತು.”

“ಉಡುಸ್ತೀನಿ ಕಣಮ್ಮಿ,” ಎಂದ. ಆಗ ಅವನ ಮನಸ್ಸಿನಲ್ಲಿ ಮೋಸವಿರಲಿಲ್ಲ.

ಅವಳು ತೀರಿಕೊಂಡ ದಿನ ಅಂಗಡಿಯ ಬೀರು ತೆಗೆದ. ಕೈ ಒಳ್ಳೆಯ ಸೀರೆಗೇ ಹೋಯಿತು. ಮಣ್ಣು ಸೇರುವ ಸೀರೆ, ಇದನ್ನು ಯಾರು ಸುಟ್ಟು ನೋಡುತ್ತಾರೆ ಎನ್ನಿಸಿ, ಕೆಳಗಿನ ಕಂತೆಯಿಂದ ಕೃತಕ ನೂಲಿನ ಬೆರಕೆ ಸೀರೆಯೊಂದನ್ನು ಎಳೆದ. ಥೂ, ಬದುಕಿದ್ದಾಗ ಕೊಡದವನು ಸತ್ತ ಮೇಲಾದರೂ ಕೊಡಬಾರದಿತ್ತೆ! ವಿಭೂತಿ ಹಚ್ಚಿ ಚನ್ನಾಜಮ್ಮನನ್ನು ಗುಂಡಿಯಲ್ಲಿ ಕೂರಿಸಿದಾಗ ಅವಳ ತಂಗಿ ಗುರುಬಸಮ್ಮ ಸೆರಗು ಸವರಿ, “ಬಾವ, ಅಕ್ಕ ಕೇಳಿದ್ದ ಸೀರೆನೇ ತಾನೆ?” ಎಂದಳು.

“ಪ್ಯೂರ್ ಕಣವ್ವ,” ಎಂದ ಸದಾಶಿವಪ್ಪ. ಎಲ್ಲರೂ ಮಣ್ಣು ಹಾಕಿದರು.

ತಿಥಿ ಮುಗಿದು ಅಂಗಡಿ ತೆರೆದ ದಿನ, ಗಿರಾಕಿಯ ಎದುರು ಎಳೆ ಸುಟ್ಟರೆ ಕಾಗದದ ವಾಸನೆ. ಇನ್ನೊಂದು ಸೀರೆಯದೂ ಅದೇ. ಸಿಟ್ಟಿನಿಂದ ನೇಕಾರ ಪುಟ್ಟಸಿದ್ದಯ್ಯನ ಮನೆಗೆ ಓಡಿ, ರೇಷ್ಮೆಗೂಡಿನಿಂದ ಆಗತಾನೆ ಬಿಚ್ಚಿದ ನೂಲನ್ನೇ ಸುಟ್ಟ. ಕಾಗದ!

“ಕೂದ್ಲು ಸುಟ್ಟಂಗೇ ನಾರ್ತದಲ್ಲ ಸಾ,” ಎಂದ ಪುಟ್ಟಸಿದ್ದಯ್ಯ, ಇವನ ಮುಖವನ್ನೇ ನೋಡುತ್ತ.

ಅಂದಿನಿಂದ ಸದಾಶಿವಪ್ಪ ಎಳೆ ಸುಡುವುದನ್ನು ಬಿಟ್ಟ. ‘ಪ್ಯೂರ್’ ಎನ್ನುವುದನ್ನೂ ಬಿಟ್ಟ. ಗಿರಾಕಿಗಳು ಅನುಮಾನಿಸಿ ಎದುರಂಗಡಿಗೆ ಹೋದರು.

ಅಷ್ಟರಲ್ಲಿ ಮಗಳು ಸುವರ್ಣಮ್ಮನಿಗೆ ಬಂಡಳ್ಳಿಯ ಗಂಡು ಗೊತ್ತಾಯಿತು. ತಾಯಿಗೆ ಮಾಡಿದ್ದು ಮಗಳಿಗೆ ಆಗಬಾರದು. ಮಗ್ಗದ ಮುಂದೆ ತಾನೇ ಕುಳಿತು ಧಾರೆ ಸೀರೆ ನೇಯಿಸಿ ತಂದ. ಮರುದಿನ ಬೆಳಿಗ್ಗೆ ದೇವರ ಗೂಡಿನ ಮುಂದೆ ಅದರ ಎಳೆ ಸುಟ್ಟ. ಅದೇ ಕಾಗದದ ವಾಸನೆ. ಮಗಳನ್ನು ಕೂಗಿ ಕರೆದ.

“ಇದ್ಯಾವ ವಾಸ್ನೆ ಅಂತ ನೋಡವ್ವ.”

ತಲೆಸ್ನಾನ ಮಾಡಿ ಬಂದಿದ್ದ ಸುವರ್ಣಮ್ಮ ಬಗ್ಗಿ ಮೂಸಿದಳು. “ಕೂದ್ಲು ಸುಟ್ಟಂಗದೆ. ಒಳ್ಳೆ ರೇಷ್ಮೆ ಕಣಪ್ಪ,” ಎಂದು ನಗುತ್ತ ಸೀರೆ ಎದೆಗವಚಿಕೊಂಡು ಒಳಗೆ ಹೋದಳು.

ಸದಾಶಿವಪ್ಪನ ಎದೆಯ ಭಾರ ಇಳಿಯಿತು. ಸೀರೆಯಲ್ಲಿ ದೋಷವಿಲ್ಲ, ಕೆಟ್ಟಿರುವುದು ತನ್ನ ಮೂಗು, ಅಷ್ಟೇ. ಮದುವೆ ಮುಗಿದ ಮೇಲೆ ಡಾಕ್ಟರಿಗೆ ತೋರಿಸಿದರಾಯಿತು. ಅದನ್ನೂ ಖಾತ್ರಿ ಮಾಡಿಕೊಳ್ಳೋಣವೆಂದು ತನ್ನ ತಲೆಯಿಂದಲೇ ಒಂದು ಕೂದಲು ಕಿತ್ತು ದೀಪಕ್ಕೆ ಹಿಡಿದ. ಅದು ಸುರುಟಲಿಲ್ಲ, ಭಗ್ಗನೆ ಉರಿದು ಹಗುರವಾದ ಬೂದಿಯಾಯಿತು.

ಒಳಗಿನಿಂದ ಸುವರ್ಣಮ್ಮನ ದನಿ ಕೇಳಿತು.

“ಅಪ್ಪ, ಅದ್ಯಾರು ಕಾಗ್ದ ಸುಡ್ತಾವ್ರೆ?”